ಜೋನ್ಸ್‌ಗೆ ವಯಸ್ಸಾದರೆ ಏನಂತೆ?

‘ಇಂಡಿಯಾನಾ ಜೋನ್ಸ್ ಅಂಡ್ ದಿ ಡಯಲ್ ಆಫ್ ಡೆಸ್ಟಿನಿ’ 2023ರ ಜೂನ್ ಕೊನೆಯಲ್ಲಿ ತೆರೆಗೆ ಬಂದಾಗ ಹೆಚ್ಚಾಗಿ ಕೇಳಿಬಂದ ದೂರು ಒಂದೇ. 80 ತುಂಬಿದ ಹ್ಯಾರಿಸನ್ ಫೋರ್ಡ್‌ಗೆ ಈ ಚಾಟಿ, ಈ ಟೋಪಿ, ಈ ಓಡಾಟವೆಲ್ಲ ಯಾಕೆ ಬೇಕಿತ್ತು? ಈಗ ಮನೆಯಲ್ಲಿ ಕೂತು ನೋಡಿದವರೂ ಅದನ್ನೇ ಹೇಳುತ್ತಾರೆ. ನನ್ನ ತಕರಾರು ಇದಕ್ಕೆ ಉಲ್ಟಾ. ಆ ಚಿತ್ರದಲ್ಲಿ ಮುಪ್ಪು ಹೆಚ್ಚಾಗಿರಲಿಲ್ಲ, ಕಮ್ಮಿಯಾಗಿತ್ತು.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಬೆಳಗಾದರೆ 60 ದಾಟಿದವರ ಮಂಡಿ, ಸೊಂಟ, ಭುಜಗಳ ಜೊತೆಗೇ ನನ್ನ ಒಡನಾಟ. ಸಿನಿಮಾ ನೋಡುವಾಗಲೂ ಹೀರೊ ಮುಖಕ್ಕಿಂತ ಮೊದಲು, ಅವನು ಕುರ್ಚಿಯಿಂದ ಹೇಗೆ ಏಳುತ್ತಾನೆ ಅಂತ ನೋಡುವ ಚಟ ಅಂಟಿಬಿಟ್ಟಿದೆ.

ಚಿತ್ರ ಶುರುವಾಗುವುದು 1944ರಲ್ಲಿ, ನಾಜಿಗಳ ರೈಲಿನಲ್ಲಿ. 20 ನಿಮಿಷಕ್ಕೂ ಹೆಚ್ಚು ಹೊತ್ತು ನಾವು ನೋಡುವುದು ನಡುವಯಸ್ಸಿನ ಫೋರ್ಡ್ ಮುಖ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿ ಹಳೆಯ ಚಿತ್ರಗಳ ದೃಶ್ಯಗಳನ್ನು ಜಾಲಾಡಿ ಕಂಪ್ಯೂಟರ್‌ನಲ್ಲಿ ಕಟ್ಟಿದ ಮುಖ ಅದು. ಕೆಲಸ ಅಚ್ಚುಕಟ್ಟಾಗಿದೆ, ಇಲ್ಲ ಅನ್ನಲಾರೆ. ಆದರೆ ಆ ಮುಖ ಬಾಯಿ ಬಿಟ್ಟ ಕೂಡಲೇ ಗುಟ್ಟು ರಟ್ಟು. ಗಂಟಲು ಮಾತ್ರ ಈಗಿನ ಫೋರ್ಡ್ ಅವರದ್ದೇ. ರೈಲಿನ ಮೇಲಿನ ಓಟ, ಹೊಡೆದಾಟ ಏನೇ ನಡೆದರೂ ನನ್ನ ಎದೆ ಡವಗುಟ್ಟಲಿಲ್ಲ. ಬಿದ್ದರೂ ಪೆಟ್ಟಾಗದ ಮೈಯನ್ನು ನೋಡಿ ಯಾರಿಗೆ ಭಯವಾಗುತ್ತದೆ?

ಆಮೇಲೆ ಕಥೆ 1969ಕ್ಕೆ ಹಾರುತ್ತದೆ. ನ್ಯೂಯಾರ್ಕಿನ ಒಂದು ಫ್ಲ್ಯಾಟು. ಚಡ್ಡಿಯಲ್ಲೇ ಕುರ್ಚಿಯಲ್ಲಿ ನಿದ್ದೆಹೋದ ಮುದುಕ ಪಕ್ಕದ ಮನೆಯವರ ಹಾಡಿನ ಗದ್ದಲಕ್ಕೆ ಎಚ್ಚರಾಗುತ್ತಾನೆ. ಎದೆಯ ಮಾಂಸ ಇಳಿಬಿದ್ದಿದೆ, ಭುಜ ಜೋತಿದೆ, ಕೂದಲು ಕೆದರಿದೆ. ಹಾಗೇ ಎದ್ದು, ಬೇಸ್‌ಬಾಲ್ ಬ್ಯಾಟು ಹಿಡಿದು ಜಗಳಕ್ಕೆ ಹೊರಡುತ್ತಾನೆ. ಅದುವರೆಗಿನ ರೈಲು, ಬಾಂಬುಗಳಿಗಿಂತ ಈ ಒಂದು ದೃಶ್ಯ ನನ್ನನ್ನು ಹಿಡಿದು ಕೂರಿಸಿತು. ಮಗ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದಾನೆ, ಹೆಂಡತಿ ಮರಿಯನ್ ದೂರವಾಗಿದ್ದಾಳೆ, ಕಾಲೇಜಿನವರು ನಿವೃತ್ತಿಗೆ ಒಂದು ಗಡಿಯಾರ ಕೊಟ್ಟು ಕೈತೊಳೆದುಕೊಂಡಿದ್ದಾರೆ. ನನಗೆ ಬೇಕಾಗಿದ್ದ ಸಿನಿಮಾ ಇದು. ಸ್ವಲ್ಪ ಹೊತ್ತಿನಲ್ಲೇ ನಿರ್ದೇಶಕ ಜೇಮ್ಸ್ ಮ್ಯಾಂಗೋಲ್ಡ್ ಇದೇ ಮನುಷ್ಯನನ್ನು ಕುದುರೆ ಹತ್ತಿಸಿ ಸುರಂಗ ರೈಲಿನ ಹಳಿಗಳ ಮೇಲೆ ಓಡಿಸಿಬಿಡುತ್ತಾರೆ.

ಈ ಸರಣಿಯ ರುಚಿಯೇ ಪೆಟ್ಟು ತಿನ್ನುವ ನಾಯಕನಲ್ಲಿತ್ತು. ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಜಾರ್ಜ್ ಲ್ಯೂಕಸ್ ಕಟ್ಟಿದ ಜೋನ್ಸ್ 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ನಲ್ಲೇ ಹಾವಿಗೆ ಹೆದರುತ್ತಿದ್ದ, ಒದೆ ತಿಂದು ನರಳುತ್ತಿದ್ದ. ಕತ್ತಿ ಝಳಪಿಸುವ ದೈತ್ಯನನ್ನು ಅವನು ಒಂದೇ ಗುಂಡಿಗೆ ಬೀಳಿಸುವ ಪ್ರಸಿದ್ಧ ದೃಶ್ಯ ಹುಟ್ಟಿದ್ದೇ ಹೊಟ್ಟೆನೋವಿನಿಂದ. ಟುನೀಷಿಯಾದಲ್ಲಿ ಫೋರ್ಡ್‌ಗೆ ಭೇದಿ ಹತ್ತಿಕೊಂಡು, ಬರೆದಿಟ್ಟಿದ್ದ ಉದ್ದನೆಯ ಕಾಳಗ ಕೈಬಿಟ್ಟುಹೋಯಿತು. 1984ರ ‘ಟೆಂಪಲ್ ಆಫ್ ಡೂಮ್’ ನಮ್ಮವರಿಗೆ ನೆನಪಿರುವುದು ಬೇರೆ ಕಾರಣಕ್ಕೆ. ಭಾರತವನ್ನು ಅದರಲ್ಲಿ ತೋರಿಸಿದ ರೀತಿಗೆ ಸರ್ಕಾರ ಒಪ್ಪದೆ ಚಿತ್ರೀಕರಣ ಶ್ರೀಲಂಕಾಕ್ಕೆ ಹೋಯಿತು, ಗಿರೀಶ ಕಾರ್ನಾಡರ ‘ಕಾಡು’ ಚಿತ್ರದಲ್ಲಿ ನಟಿಸಿದ್ದ ಅಮರೀಶ್ ಪುರಿ ತಲೆ ಬೋಳಿಸಿಕೊಂಡು ಖಳನಾದರು. ಆ ಚಿತ್ರದ ನಡುವೆ ಫೋರ್ಡ್ ಬೆನ್ನಿನ ಡಿಸ್ಕ್ ಜಾರಿ, ಶಸ್ತ್ರಚಿಕಿತ್ಸೆಗೆ ಲಾಸ್ ಏಂಜಲೀಸ್‌ಗೆ ಕರೆದೊಯ್ಯಬೇಕಾಯಿತು. ಡಯಲ್ ಚಿತ್ರದ ಹೊಡೆದಾಟದ ತಾಲೀಮಿನಲ್ಲೂ ಭುಜಕ್ಕೆ ಪೆಟ್ಟಾಗಿ ಅವರು ಕೆಲ ತಿಂಗಳು ಸೆಟ್‌ನಿಂದ ದೂರ ಉಳಿದಿದ್ದರು. ಇಷ್ಟು ಚರಿತ್ರೆ ಹೊತ್ತ ಮೈ ಕಣ್ಣೆದುರೇ ಇರುವಾಗ ಅದನ್ನು ಅಳಿಸಲು ದುಡ್ಡು ಸುರಿಯುವುದೆಂದರೆ ಏನು?

ಮುದಿ ಮೈಯಿಂದ ಸಾಹಸ ಆಗುವುದಿಲ್ಲ ಎನ್ನುವವರನ್ನು ನಮ್ಮ ಕ್ಲಿನಿಕ್‌ಗೆ ಕರೆಯುತ್ತೇನೆ. ಗರಡಿಯಲ್ಲಿ ಪಳಗಿದ ಪೈಲ್ವಾನರೊಬ್ಬರು ಬರುತ್ತಾರೆ. ಎರಡೂ ಮಂಡಿ ಸವೆದಿವೆ, ಎಡಗಾಲು ಹೆಚ್ಚು ಕೆಟ್ಟಿದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ನಾವು ಎಲ್ಲರಿಗೂ ಕಲಿಸುತ್ತೇವೆ. ಅವರಿಗೆ ಕಲಿಸಬೇಕಾಗಲಿಲ್ಲ. ಕಂಬಿ ಹಿಡಿಯುವ ಮೊದಲೇ ಮೈಭಾರ ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕಿರುತ್ತಾರೆ. ಅವರು ಒಂದು ಮೆಟ್ಟಿಲು ಇಳಿಯುವುದನ್ನು ನೋಡುವಾಗ ನಾನು ಉಸಿರು ಬಿಗಿಹಿಡಿದಿರುತ್ತೇನೆ. ಸಾಹಸವೆಂದರೆ ಅಪಾಯದ ಲೆಕ್ಕಾಚಾರ ತಾನೇ? 25ರ ಹುಡುಗನಿಗೆ ಕಂದಕ ದಾಟುವುದು ಅಪಾಯವಾದರೆ, 80ರವನಿಗೆ ಬಚ್ಚಲಿನ ಹೊಸ್ತಿಲೇ ಅಪಾಯ. ಇದರಿಂದ ಎಂಥ ದೃಶ್ಯಗಳನ್ನು ಕಟ್ಟಬಹುದಿತ್ತು! ಗುಹೆಯ ಗೋಡೆ ಹತ್ತುವಾಗ ಜೋನ್ಸ್ ತನ್ನ ಭುಜ, ಬೆನ್ನೆಲುಬು, ಕಾಲಿನೊಳಗಿನ ಪ್ಲೇಟು–ಸ್ಕ್ರೂಗಳ ಪಟ್ಟಿ ಒದರುವ ಒಂದು ಸಂದರ್ಭ ಇದೆ. ಅದನ್ನು ತಮಾಷೆಯಾಗಿ ಮುಗಿಸಿ ಚಿತ್ರ ಮುಂದೆ ಓಡುತ್ತದೆ.

ಜನಕ್ಕೆ ಹಳೆಯ ಯೌವನವೇ ಬೇಕು, ಇಲ್ಲದಿದ್ದರೆ ದುಡ್ಡು ಹುಟ್ಟುವುದಿಲ್ಲ ಎಂಬ ವಾದವೂ ಇದೆ. ಅಂಕಿ ನೋಡಿ. ಸುಮಾರು 30 ಕೋಟಿ ಡಾಲರ್ ನುಂಗಿದ ಡಯಲ್ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 38 ಕೋಟಿ. ಥಿಯೇಟರ್‌ಗಳ ಪಾಲು ಕಳೆದರೆ ನಷ್ಟವೇ. ಸೋಲಿಗೆ ಕಾರಣ ಹತ್ತಾರು ಇರಬಹುದು, ಆದರೆ ಯೌವನದ ಮುಖವಾಡ ಅದನ್ನು ಉಳಿಸಲಿಲ್ಲ ಎಂಬುದಂತೂ ನಿಜ. ಅದಕ್ಕೆ ಒಂದು ವರ್ಷ ಮೊದಲು, ಮೊದಲ ‘ಟಾಪ್ ಗನ್’ ಬಂದ 36 ವರ್ಷಗಳ ಬಳಿಕ ತೆರೆಕಂಡ ‘ಟಾಪ್ ಗನ್: ಮ್ಯಾವರಿಕ್’ ಸುಮಾರು 149 ಕೋಟಿ ಡಾಲರ್ ಬಾಚಿತು. ಅದರಲ್ಲಿ ವ್ಯಾಲ್ ಕಿಲ್ಮರ್ ಗಂಟಲಿನ ಕ್ಯಾನ್ಸರ್‌ನಿಂದ ದನಿ ಕಳೆದುಕೊಂಡಿದ್ದನ್ನು ಮುಚ್ಚಿಡದೆ ಪಾತ್ರದ ಭಾಗವಾಗಿಸಿದರು. ಜನ ಕಣ್ಣೀರು ಹಾಕಿದ್ದು ಆ ದೃಶ್ಯಕ್ಕೆ.

ಈ ಮಾತು ಹಾಲಿವುಡ್‌ಗಷ್ಟೇ ಅಲ್ಲ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು 2016ರ ‘ನಾಗರಹಾವು’ ಗ್ರಾಫಿಕ್ಸ್‌ನಲ್ಲಿ ಮತ್ತೆ ತೆರೆಗೆ ತಂದಿತು. ಅಭಿಮಾನಿಗಳು ಶಿಳ್ಳೆ ಹೊಡೆದರು, ಅವರ ಪ್ರೀತಿ ದೊಡ್ಡದು. ಆದರೆ ತೆರೆಯ ಮೇಲಿದ್ದದ್ದು ಅವರ ಮೋರೆ, ಅವರ ನಟನೆಯಲ್ಲ. ಡಯಲ್ ಬಿಡುಗಡೆಯಾದ ಎರಡು ವಾರಕ್ಕೇ ಅಮೆರಿಕದ ನಟರು ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲೊಂದು, ಒಪ್ಪಿಗೆ ಮತ್ತು ಸಂಭಾವನೆಯಿಲ್ಲದೆ ತಮ್ಮ ಡಿಜಿಟಲ್ ಪ್ರತಿರೂಪ ಬಳಸಬಾರದೆಂಬುದು. ನಮ್ಮಲ್ಲೂ ನಟರು, ನಿರ್ಮಾಪಕರು ಕೂತು ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು.

ಡಯಲ್‌ನ ಕೊನೆಯ ಭಾಗದಲ್ಲಿ ಗುಂಡೇಟು ತಿಂದ ಜೋನ್ಸ್ ಕ್ರಿಸ್ತಪೂರ್ವ 3ನೇ ಶತಮಾನದ ಸಿರಕ್ಯೂಸ್‌ಗೆ ಹೋಗಿ ಬೀಳುತ್ತಾನೆ. ರೋಮನ್ನರ ಮುತ್ತಿಗೆಯ ನಡುವೆ ಆರ್ಕಿಮಿಡೀಸ್ ಎದುರಿಗೇ ಸಿಗುತ್ತಾನೆ. ಬದುಕಿಡೀ ಓದಿದ ಚರಿತ್ರೆಯಲ್ಲೇ ಉಳಿದುಬಿಡುತ್ತೇನೆ ಅಂತ ಹಟ ಹಿಡಿಯುವ ಆ ಗಳಿಗೆಯಲ್ಲಿ ಫೋರ್ಡ್‌ಗೆ ಸ್ಟಂಟೂ ಬೇಕಿಲ್ಲ, ಕಂಪ್ಯೂಟರೂ ಬೇಕಿಲ್ಲ. 80 ವರ್ಷದ ಮುಖ ಒಂದೇ ಸಾಕು, ಇಡೀ ಚಿತ್ರದ ಅತ್ಯುತ್ತಮ ನಟನೆ ಅಲ್ಲಿದೆ. ಯೌವನದ ಜೋನ್ಸ್ ಬೇಕೆನಿಸಿದರೆ 1981ರ ಚಿತ್ರ ಇದ್ದೇ ಇದೆ, ಯಾವಾಗ ಬೇಕಾದರೂ ಹಾಕಿಕೊಂಡು ನೋಡಬಹುದು. ಮುದುಕನಾದ ಜೋನ್ಸ್‌ನನ್ನು ತೋರಿಸಲು ಇದೊಂದೇ ಅವಕಾಶವಿತ್ತು, ಅದರಲ್ಲೂ ಅರ್ಧವನ್ನು ಕೈಯಾರೆ ಕಳೆದರು.