ತಡ ಮಾಡಿದ್ದು ಯಾರು?

'ಗಂಡ ಸತ್ತು ಎರಡು ವರ್ಷದ ಮೇಲೆ ಬಾಕಿ ಸಂಬಳ ಕೇಳುವುದು ದುರಾಸೆ' ಎಂದು ಬರೆದ ಮಹನೀಯರು ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಶೆಡ್ಡನ್ನಾದರೂ ಹೊಕ್ಕಿದ್ದಾರೆಯೇ? ನೇಮಕಾತಿ ಪತ್ರವೇ ಇಲ್ಲದ ಕೆಲಸಗಾರನ ಹೆಂಡತಿ ಮರಣಪತ್ರ, ವಂಶವೃಕ್ಷ ಅಂತ ಕಚೇರಿ ಕಚೇರಿ ಅಲೆಯುತ್ತಾಳೆ. ಮಾಲೀಕರದು 'ತಿಥಿ ಮುಗಿಯಲಿ', 'ಮಾರ್ಚ್ ಕಳೆಯಲಿ'. ಆ ವಾಯಿದೆಗಳು ಯಾರ ಲೆಕ್ಕಕ್ಕೆ?

ಸತ್ತವನ ಸಂಬಳವನ್ನು ನಾಮಿನಿಗೆ ಕೊಡಿ, ಆಗದಿದ್ದರೆ ಪ್ರಾಧಿಕಾರದಲ್ಲಿ ಠೇವಣಿ ಇಡಿ ಎಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. (ಕೇಳಿದ ಮೇಲೆ ಕೊಡಿ ಎಂದಲ್ಲ.) ಅರ್ಜಿಗೆ 12 ತಿಂಗಳು, ಸಕಾರಣವಿದ್ದರೆ ಆಮೇಲೂ ಸರಿ. 2019ರ ವೇತನ ಸಂಹಿತೆ ಅದನ್ನು 3 ವರ್ಷಕ್ಕೆ ಏರಿಸಿದೆ. ಹಾಗಿದ್ದಮೇಲೆ ಎರಡು ವರ್ಷ ಯಾವ ಲೆಕ್ಕದಲ್ಲಿ ತಡ ಸ್ವಾಮಿ? ಠೇವಣಿ ಇಟ್ಟ ರಸೀದಿಯಿದ್ದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸಿ.