ಅಂಟನ್ನದ ಉಂಡೆ

ಆಫೀಸ್ ಕೆಲಸಕ್ಕೆ ಬ್ಯಾಂಕಾಕಿಗೆ ಹೋದಾಗ ಗಲ್ಲಿಯೊಂದರ ಇಸಾನ್ ಊಟದಂಗಡಿಗೆ ನುಗ್ಗಿದೆ. ಇಸಾನ್ ಅಂದರೆ ಥಾಯ್ಲೆಂಡಿನ ಈಶಾನ್ಯ ಸೀಮೆ. ದುಡಿಯಲು ರಾಜಧಾನಿಗೆ ಬಂದವರಲ್ಲಿ ಅಲ್ಲಿಯವರು ಬಹಳ. ಹಸಿ ಪಪ್ಪಾಯಿಯ ಸೋಮ್ ತಮ್ ಕೇಳಿದೆ. ಅಂಗಡಿಯಾಕೆ ನನ್ನ ಮುಖ ನೋಡಿ, ಕಡಲೆಕಾಯಿ ಬೀಜ ಹಾಕಿದ ಸಿಹಿ ಬಗೆಯ ಚಿತ್ರ ತೋರಿಸಿದರು. ನಾನು ಪಕ್ಕದ ಮೇಜು ತೋರಿಸಿದೆ. ಅಲ್ಲಿದ್ದುದು ಹುದುಗಿಸಿದ ಮೀನಿನ ‘ಪ್ಲಾ ರಾ’ ಬೆರೆಸಿದ್ದು. ವಾಸನೆ ಜೋರು, ಖಾರಕ್ಕೆ ಕಣ್ಣಲ್ಲಿ ನೀರು.

ಬಿದಿರು ಬುಟ್ಟಿಯ ಅಂಟನ್ನವನ್ನು ಎಲ್ಲರೂ ಕೈಯಲ್ಲೇ ಉಂಡೆ ಮಾಡಿ ಅದ್ದಿಕೊಳ್ಳುತ್ತಿದ್ದರು. ಮಂಡ್ಯದವನಿಗೆ ಹೇಳಿಕೊಡಬೇಕೆ? (ಆದರೆ ಇದನ್ನು ಅಗಿಯಬೇಕು, ಮುದ್ದೆಯಂತೆ ನುಂಗುವಂತಿಲ್ಲ.)

ಪುಣೆಯಲ್ಲಿ 11 ವರ್ಷದಿಂದ ಮನೆಗೆ ಬಂದ ಆಫೀಸ್ ಗೆಳೆಯರಿಗೆ ನಾನು ಬಡಿಸಿದ್ದು ಬರೀ ಪಲಾವ್. ಈ ಭಾನುವಾರ ಇಬ್ಬರನ್ನು ಕರೆದಿದ್ದೇನೆ. ಮುದ್ದೆ, ಬಸ್ಸಾರು. ಖಾರ ಕಡಿಮೆ ಮಾಡುವುದಿಲ್ಲ.