ಯಾರನ್ನು ಕೇಳಬೇಕು?

ಮಗ ಕೋಣೆ ಬಿಟ್ಟು ಹೊರಗೇ ಬರುತ್ತಿಲ್ಲ ಎಂದು ಕಂಗೆಟ್ಟ ತಾಯಿಗೆ, ಮಾತ್ರೆ ಬರೆದುಕೊಡುವ ವೈದ್ಯರಷ್ಟೇ ಇದ್ದರೆ ಸಾಲದು. ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡುವ, ಕೆಲಸ ಬಿಟ್ಟವನನ್ನು ಮತ್ತೆ ಕೆಲಸಕ್ಕೆ ಹಚ್ಚುವ, ಅಂಗವಿಕಲರ ಮಾಸಾಶನದ ಅರ್ಜಿಗೂ ದಾರಿ ತೋರುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಬೇಕು. ಇಂಥವರು ಇದ್ದಾರೆಂಬುದೇ ಬಹಳ ಮಂದಿಗೆ ಗೊತ್ತಿಲ್ಲ, ಅದೇ ನನ್ನ ಸಂಕಟ. ಬೋರ್ಡು ಹಾಕಿಕೊಂಡವರೆಲ್ಲ ಇವರಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್, ಆ ಓದಿನಲ್ಲೇ ಹಿರಿಯರ ಕಣ್ಣೆದುರು ರೋಗಿಗಳ ಜೊತೆ ತರಬೇತಿ, ಇಷ್ಟು ಆಗಿರಬೇಕು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಹೆಸರು ನೋಂದಣಿಯಾಗಿರಬೇಕು. ಆದ್ದರಿಂದ ಫೀಸು ಎಷ್ಟೆಂದು ಕೇಳುವ ಮೊದಲು ಓದಿದ್ದೇನು, ನೋಂದಣಿ ಇದೆಯೇ ಎಂದು ಕೇಳಿ. ಸಂಕೋಚ ಬೇಡ, ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಇಂಥವರನ್ನು ಹುಡುಕಿ ಹೋಗಲು ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು ಇವೆ. ಉಳಿದ ಊರಿನವರು ಜಿಲ್ಲಾಸ್ಪತ್ರೆಗೆ ಹೋಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ವಿಚಾರಿಸಿ. ಆ ಕಾರ್ಯಕ್ರಮದ ಮೊದಲ ಪ್ರಯೋಗ ನಡೆದದ್ದೇ ನಮ್ಮ ಬಳ್ಳಾರಿಯಲ್ಲಿ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಸಹಾಯವಾಣಿ ಅದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೊಡಬೇಕಿಲ್ಲ.